ಊರವರು – ೭

ಪಾತ್ರಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ
'ಊರವರು – ೭' ಎಂದಷ್ಟೇ ಇತ್ತು.
ಮಾತಿಲ್ಲ. ಎರಡು ಪ್ರವೇಶ.
ಒಂದು ಸಲ 'ಅಯ್ಯೋ' ಅನ್ನಬೇಕು,
ಅದೂ ಎಲ್ಲರ ಜೊತೆ.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದು
ಆರೂವರೆಗೆ ಕೋಡಿಬಾಗದ ಶಾಲೆಗೆ ಸೈಕಲ್ ತುಳಿದರೆ
ಬೆಂಚುಗಳನ್ನು ಗೋಡೆಗೊರಗಿಸಿದ ಏಳನೇ ಇಯತ್ತೆಯ ಕೋಣೆ,
ಕರಿಹಲಗೆಯ ಮೇಲೆ ಯಾರೋ ಅರ್ಧ ಬಿಟ್ಟ ಭಾಗಾಕಾರ,
ನೆಲದಲ್ಲಿ ಸೀಮೆಸುಣ್ಣದಿಂದ ಎಳೆದ ರಂಗ.

ಮೊದಲ ವಾರ ನಾನು ಕಂಬ.
ಎರಡನೇ ವಾರ ಕಂಬಕ್ಕಿಂತ ಕಡೆ:
ಕೈ ಎಲ್ಲಿಡಲಿ ಎಂದು
ಕಂಬವಾದರೂ ಯೋಚಿಸುವುದಿಲ್ಲ.

ರಾಯ್ಕರ ಮಾಸ್ತರು ಬಯ್ಯಲಿಲ್ಲ. ಬೀಡಿ ಆರಿಸಿ ಕೇಳಿದರು:
"ನೀ ಯಾರೋ? ಬೆಳಿಗ್ಗೆ ಎಂತ ಉಂಡು ಬಂದೆ?
ಪಂಚಾಯ್ತಿ ಮುಗಿದ ಮೇಲೆ ಎಲ್ಲಿಗೆ ಹೋಗ್ತೆ?"
"ಮನೆಗೆ" ಅಂದೆ.
"ಯಾರ ಮನೆಗೆ?"

ಆ ರಾತ್ರಿ ಸದಾಶಿವಗಡಕ್ಕೆ ಮರಳುತ್ತ
ಸೇತುವೆಯ ನಡುವೆ ಸೈಕಲ್ ನಿಲ್ಲಿಸಿದೆ.
ಕೆಳಗೆ ಕಾಳಿ, ಕತ್ತಲಲ್ಲಿ ಸದ್ದು ಮಾತ್ರ.
ಸೇತುವೆ ಇಲ್ಲದ ಕಾಲದಲ್ಲಿ
ಇಲ್ಲಿ ಜನರನ್ನು ದಾಟಿಸುತ್ತಿದ್ದವನೊಬ್ಬ ಇರಲಿ ಅಂದುಕೊಂಡೆ.
ಹೆಸರು ಬೀರಾ ಅಂಬಿಗ.
ಹುಟ್ಟು ಹಾಕಿ ಹಾಕಿ ಬಲ ಹೆಗಲು ಎರಡು ಬೆರಳು ಕೆಳಗೆ.
ದಡದ ಮೇಲೂ ಪಾದ ಅಗಲಿಸಿಯೇ ನಿಲ್ಲುತ್ತಾನೆ,
ನೆಲವನ್ನು ಪೂರ್ತಿ ನಂಬಿದವನಲ್ಲ.
ನಡಿಗೆಯನ್ನು ಮೀನುಪೇಟೆಯಲ್ಲಿ ಬುಟ್ಟಿ ಇಳಿಸುವ ಮುದುಕನಿಂದ
ಕೇಳದೇ ಎರವಲು ತಂದೆ.
ಉಂಡದ್ದು ತಂಗಳು ಗಂಜಿ, ಸುಟ್ಟ ಬಂಗಡೆ ಅರ್ಧ.
ಉಳಿದರ್ಧ ತಿಂದವರು ಯಾರೆಂದು ತಿಳಿಯಲು
ಮೂರು ದಿನ ಹಿಡಿಯಿತು.

ಆಮೇಲೆ ಬೀರಾನ ಹಾವಳಿ.
ನಾಯಕನ ಮಾತಿನ ನಡುವೆ ಕೆಮ್ಮಿದ,
ತೊಡೆ ಕೆರೆದ, ಆಕಾಶ ನೋಡಿ ಗಾಳಿ ಅಳೆದ.
"ಸಾಕೋ ಮಾರಾಯ" ಅಂದರು ಮಾಸ್ತರು,
"ಅವ ಇದ್ದಾನೆ ಅಂತ ಗೊತ್ತಾಯ್ತು. ಈಗ ಅವ ಬರೇ ಕೇಳಲಿ."

ಕೇಳುವುದು!
ಪ್ರೇಮಾನಂದ ಬಾಂದೇಕರ ನಲವತ್ತು ಸಲ ಹೇಳಿದ ಮಾತನ್ನು
ನಲವತ್ತೊಂದನೇ ಸಲ
ಕಿವಿಗೆ ಈಗಷ್ಟೇ ಬಿದ್ದಂತೆ ಕೇಳುವುದು.
ಹುಟ್ಟು ಹಾಕುವುದೇ ಸುಲಭ.

'ಊರವರು – ೪' ಶೇವಂತಿ ತಾಂಡೇಲ,
ಹಗಲು ಸಿವಿಲ್ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು,
ಚಹದ ಹೊತ್ತಿಗೆ ತಾನಾಗಿ ಬಂದು ಅಂದಳು:
"ನಿನ್ನ ದೋಣಿಗೆ ನಾ ಎಂಟಾಣೆ ಬಾಕಿ.
ಅದಕ್ಕೇ ನಿನ್ನ ಹತ್ರ ನಿಲ್ಲೂದಿಲ್ಲ, ತಿಳೀತಾ?"

ಅಂದಿನಿಂದ ನನ್ನ ಕಣ್ಣಿಗೊಂದು ಕೆಲಸ.
ಅವಳು ಬಾವಿಕಟ್ಟೆಗೆ ಸರಿದರೆ ನಾನು ಒಂದು ಹೆಜ್ಜೆ ಮುಂದೆ.
ನಾನು ತಿರುಗಿದರೆ ಅವಳ ಸೆರಗು ತಲೆಯ ಮೇಲೆ.
ನಮ್ಮಿಬ್ಬರ ನಡುವೆ ಬರಲೊಲ್ಲದೆ
ಎರಡನೆಯವನೂ ಐದನೆಯವಳೂ ಜಾಗ ಬದಲಿಸಿದರು.
ಗುಂಪು ಹಾಗೆ ಊರಾಯಿತು.

ಪ್ರಯೋಗದ ರಾತ್ರಿ.
ಪ್ರೇಮಾನಂದ ಮಂಡಿಯೂರಿದ್ದ, ಬೆಳಕೆಲ್ಲ ಅವನ ಮೇಲೆ.
ಇತ್ತ ಕತ್ತಲಲ್ಲಿ ಶೇವಂತಿ
ಎಂದೂ ಬರದವಳು ಪಕ್ಕಕ್ಕೆ ಬಂದು
ನನ್ನ ಮುಷ್ಟಿ ಬಿಡಿಸಿ ಏನೋ ಒತ್ತಿದಳು.
ಸಣ್ಣದು, ದುಂಡಗೆ, ಬೆವರಿನಿಂದ ಒದ್ದೆ.
ತಾಲೀಮಿನಲ್ಲಿ ಇದಿರಲಿಲ್ಲ.
ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.
ಬೀರಾನಿಗೆ ತಿಳಿದಿತ್ತು: ಹೆಬ್ಬೆರಳಿಂದ ಅಂಚು ಸವರಿ ನೋಡಿದ.
ಅಷ್ಟರಲ್ಲಿ ಎಲ್ಲರ 'ಅಯ್ಯೋ' ಹೋಗಿಬಿಟ್ಟಿತ್ತು.
ನನ್ನದೊಂದೇ ಹಿಂದೆ ಬಂತು,
ಕಡೆಯ ದೋಣಿ ತಪ್ಪಿದವನ ಹಾಗೆ.
ಸಭೆಯಲ್ಲಿ ಯಾರೋ ನಕ್ಕರು. ಯಾರೋ ಮೂಗು ಸೀಟಿದರು.

ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸುತ್ತ ಕೇಳಿದೆ: "ಯಾಕೆ ಕೊಟ್ಟೆ?"
"ನನ್ನವಳಿಗೆ ಇವತ್ತು ಸಾಕಾಯ್ತು" ಅಂದಳು, ಚಪ್ಪಲಿ ಹುಡುಕುತ್ತ.

ಭಾನುವಾರ ಅಂಕೋಲೆಯಲ್ಲಿ ಮತ್ತೆ ಪ್ರಯೋಗ.
ಸಾಲ ತೀರಿದವನು ಯಾರ ಕಡೆ ನೋಡಬೇಕು?
ಅಂಗಡಿಯಲ್ಲಿ ಈಗ ಯಾರೂ ಮುಟ್ಟದ ಆ ನಾಣ್ಯ
ನನ್ನ ಮೇಜಿನ ಖಾನೆಯಲ್ಲಿದೆ.
ಇವತ್ತು ಐಸಿನ ಲೆಕ್ಕ
ಎರಡು ಸಲ ತಪ್ಪಿತು.